ಶನಿವಾರದ ಎರೆಭೂತ

ಮೂವತ್ತೆಂಟು ದಿನ ನಾನು ಒಂದು ಸತ್ತ ಹಕ್ಕಿಯನ್ನು ಸರ್ಕಾರದ ದಾಖಲೆಯಲ್ಲಿ ಬದುಕಿಸಿ ಇಟ್ಟಿದ್ದೆ. ಅದಕ್ಕೆ ಮಂತ್ರ ಮಾಟ ಏನೂ ಬೇಕಾಗಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಯಿತು. ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು, ಇಲಿಯ ಚಿತ್ರ ಬರೆದು ಹೆಗ್ಗಣ ಎಂದು ಹೆಸರು ಕೊಟ್ಟವರಿಗೆ ಮುಲಾಜಿಲ್ಲದೆ ಸೊನ್ನೆ ಸುತ್ತಿದವಳು, ಇಂಥ ಕೆಲಸ ಯಾಕೆ ಮಾಡಿದೆ ಎಂದು ಕೇಳಿದರೆ ಉತ್ತರ ಒಂದೇ. ಬೀರವ್ವನಿಗೆ ಕೆಲಸ ಸಿಗಬೇಕಾಗಿತ್ತು.

ಮೊದಲು ಉಸಿರುಪೆಟ್ಟಿಗೆಯ ಕಥೆ ಹೇಳಬೇಕು. ಅದಕ್ಕೆ ಇಲಾಖೆ ಇಟ್ಟ ಹೆಸರು ಒಂದು ಸಾಲಿನಷ್ಟು ಉದ್ದವಿತ್ತು, ಜನ ಅದನ್ನು ಉಸಿರುಪೆಟ್ಟಿಗೆ ಎಂದರು. ಗೋಧಿ ಡಬ್ಬಿಯಷ್ಟು ದೊಡ್ಡದು. ದಿನವಿಡೀ ಗಾಳಿ ಎಳೆದುಕೊಂಡು ಒಂದು ತೆಳ್ಳನೆಯ ಕಾಗದದ ಮೂಲಕ ಹಾಯಿಸುತ್ತದೆ. ಗಾಳಿಯಲ್ಲಿ ಏನಿಲ್ಲ? ಕೂದಲಿನ ಚೂರು, ಗರಿಯ ಪುಡಿ, ಒಣಗಿದ ಹಿಕ್ಕೆಯ ಧೂಳು ಎಲ್ಲವೂ ಕಾಗದಕ್ಕೆ ಅಂಟುತ್ತವೆ. ಕಾಗದದ ಅರ್ಧ ಭಾಗ ಜಿಲ್ಲಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ಯಂತ್ರ ಅದರಲ್ಲಿರುವ ಡಿಎನ್‌ಎ ಓದಿ, ಮರುದಿನ ಮುಂಜಾನೆ ನಿಮ್ಮ ಊರಿನ ಸುತ್ತಮುತ್ತ ಯಾವ ಯಾವ ಪ್ರಾಣಿ ಇದೆ ಎಂದು ಪಟ್ಟಿ ಕೊಡುತ್ತದೆ. ಉಳಿದರ್ಧ ಕಾಗದವನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಒಂದು ವರ್ಷ ಜೋಪಾನ ಮಾಡಬೇಕೆಂದು ನಿಯಮವಿತ್ತು. ಆ ತಗಡಿನ ಪೆಟ್ಟಿಗೆಯನ್ನು ಯಾರೂ ತೆರೆದದ್ದು ನನಗೆ ಗೊತ್ತಿಲ್ಲ.

ಮೊದಲ ವರ್ಷ ಒಂದಿಷ್ಟು ಫಜೀತಿಯಾಯಿತು. ನಮ್ಮ ಕೊಣ್ಣಾಪುರ ಪಕ್ಕಾ ಎರೆಸೀಮೆ. ಜೋಳ, ಕಡಲೆ, ಕುಸುಬಿ ಬಿಟ್ಟರೆ ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು. ಅಂಥ ಊರಿನಲ್ಲಿ ಸಮುದ್ರದ ಸೀಗಡಿ ಇದೆ ಎಂದು ಪೆಟ್ಟಿಗೆ ವರದಿ ಮಾಡಿತು. ನೋಡಿದರೆ ಬಸ್‌ಸ್ಟ್ಯಾಂಡ್ ಪಕ್ಕದ ಖಾನಾವಳಿಯ ಒಗ್ಗರಣೆ. ಆಮೇಲೆ ತಿನ್ನುವ ಪ್ರಾಣಿಗಳ ಹೆಸರನ್ನೆಲ್ಲ ಪಟ್ಟಿಯಿಂದ ಕಳೆಯುವ ವ್ಯವಸ್ಥೆ ಮಾಡಿದರು. ಇನ್ನೂ ಯಾವುದನ್ನು ಕಳೆಯಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವರನ್ನೆಲ್ಲ ಅಷ್ಟೊತ್ತಿಗೆ ಮನೆಗೆ ಕಳಿಸಿಯಾಗಿತ್ತು.

ಪೆಟ್ಟಿಗೆ ಬಂದ ಮೇಲೆ ಪ್ರಾಣಿ ಎಣಿಸುವವರು ಯಾಕೆ ಬೇಕು? ಹುಲಿ ಗಣತಿ ನಿಂತಿತು, ಹಕ್ಕಿ ಗಣತಿ ನಿಂತಿತು, ಪುರಸಭೆಯಲ್ಲಿ ಸೊಳ್ಳೆ ಮರಿ ನೋಡುವವರ ಹುದ್ದೆಯೂ ಹೋಯಿತು. ಹದಿನಾಲ್ಕು ವರ್ಷ ಪ್ರಾಣಿಶಾಸ್ತ್ರದವರಿಗೆಂದು ಒಂದೇ ಒಂದು ಜಾಹೀರಾತು ಬರಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ ಕೋಳಿ ಆಹಾರ ಮಾರುತ್ತಾನೆ. ಒಬ್ಬಳು ಹುಬ್ಬಳ್ಳಿಯಲ್ಲಿ ಊರಿಗೆ ಹೋಗುವವರ ನಾಯಿಗಳನ್ನು ನೋಡಿಕೊಳ್ಳುವ ವಸತಿಗೃಹ ನಡೆಸುತ್ತಾಳೆ. ಕಪ್ಪೆಗಳ ಕೂಗಿನ ಮೇಲೆ ಚಿನ್ನದ ಪದಕ ತೆಗೆದುಕೊಂಡವನು ಮದುವೆ ಮಂಟಪದಲ್ಲಿ ಧ್ವನಿವರ್ಧಕ ಹಾಕುತ್ತಾನೆ. ಇವರೆಲ್ಲ ದೀಪಾವಳಿಗೆ ತಪ್ಪದೆ ಫೋನ್ ಮಾಡುತ್ತಾರೆ. ಯಾರೂ ನನ್ನನ್ನು ಬೈಯುವುದಿಲ್ಲ, ಅದೇ ನನಗೆ ಸಂಕಟ.

ಬೀರವ್ವ ನನ್ನ ಕೊನೆಯ ತಂಡದವಳು, ಆಮೇಲೆ ಪ್ರಾಣಿಶಾಸ್ತ್ರಕ್ಕೆ ಯಾರೂ ಸೇರಲಿಲ್ಲ. ಪೂರ್ತಿ ಹೆಸರು ಬೀರವ್ವ ಕುರಿ, ಅಜ್ಜಿಯ ಹೆಸರು ಮತ್ತು ಮನೆತನದ ಅಡ್ಡಹೆಸರು. ತಂದೆ ಕುರಿ ಕಾಯುತ್ತಾರೆ. ಮೊದಲ ದಿನ ಹಾಜರಿ ಕೂಗಿದಾಗ ಪ್ರಾಣಿಶಾಸ್ತ್ರದ ತರಗತಿಗೆ ಕುರಿ ಬಂದಿದೆ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ, ಅವಳು ನಗಲಿಲ್ಲ. ಎದ್ದು ನಿಂತು, ಕಪ್ಪು ಹಲಗೆಯ ಮೇಲೆ ನಾನು ಬರೆದಿದ್ದ ಕುರಿಯ ಹಲ್ಲಿನ ಲೆಕ್ಕ ತಪ್ಪಾಗಿದೆ ಎಂದಳು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ, ತಪ್ಪಾಗಿತ್ತು. ಅವತ್ತೇ ಆ ಹುಡುಗಿ ನನಗೆ ಮಗಳ ಹಾಗಾದಳು. ಎಂಎಸ್ಸಿ ಮುಗಿಸಿ ಬಂದವಳಿಗೆ ಕೋಳಿ ಮಾಂಸದ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಸಿಕ್ಕಿತ್ತು. ಸಂಕ್ರಾಂತಿಯೊಳಗೆ ಹೋಗಿ ಸೇರಬೇಕಿತ್ತು. ನಾನು ದಿನಾ ಪತ್ರಿಕೆಯ ಜಾಹೀರಾತಿನ ಪುಟ ಬಿಡಿಸಿ ಅವಳಿಗೆ ಬೇರೆ ಕೆಲಸ ಹುಡುಕುತ್ತಿದ್ದೆ.

ಅಂಥ ಹೊತ್ತಿನಲ್ಲಿ, ದಸರೆ ಮುಗಿದ ಮೊದಲ ಭಾನುವಾರ, ನಮ್ಮೂರಿನ ಪಟ್ಟಿಯಲ್ಲಿ ಎರೆಭೂತ ಬಂತು.

ಎರೆಭೂತವೆಂದರೆ ಭೂತವಲ್ಲ, ಹಕ್ಕಿ. ಎರೆಹೊಲದಲ್ಲಿ ಓಡಾಡುತ್ತಿದ್ದ, ಎದೆಯೆತ್ತರದ, ಹದಿನೈದು ಕಿಲೋ ತೂಗುವ ಹಕ್ಕಿ. ಅದು ನಮ್ಮ ರಾಜ್ಯದಲ್ಲಿ ಮುಗಿದೇಹೋಯಿತು ಎಂದು ಬರೆದುಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮರು ಭಾನುವಾರ ಮತ್ತೆ ಬಂತು. ಜಿಲ್ಲಾ ಕೇಂದ್ರದ ಅಧಿಕಾರಿ ಶ್ರೀವತ್ಸ ಜೀಪು ಹಾಕಿಕೊಂಡು ಬಂದರು. ಬೆಂಗಳೂರಿನವರು, ಗಣಿತ ಓದಿದವರು, ಒಳ್ಳೆಯ ಮನುಷ್ಯ. ಹತ್ತೇ ದಿನದಲ್ಲಿ ಎರೆಭೂತ ರಕ್ಷಣಾ ಯೋಜನೆ ಮಂಜೂರಾಯಿತು. ಐದು ಕಾಯಂ ಹುದ್ದೆ, ಪ್ರಾಣಿಶಾಸ್ತ್ರದವರಿಗೆ ಮಾತ್ರ. ಅವತ್ತು ನನ್ನ ಫೋನಿಗೆ ಬಿಡುವಿರಲಿಲ್ಲ. ಕೋಳಿ ಆಹಾರದವನು ವಯಸ್ಸಿನ ಮಿತಿ ಸಡಿಲ ಮಾಡಿದ್ದಾರಾ ಎಂದು ಕೇಳಿದ. ಧ್ವನಿವರ್ಧಕದವನು ಮಾತಾಡಲಾಗದೆ ಅತ್ತ. ನಾನೂ ಅತ್ತೆ.

ಬೀರವ್ವ ಮಾತ್ರ ಮರುದಿನವೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಳು, ಹಕ್ಕಿ ನೋಡಲಿಕ್ಕೆ.

ನಾಲ್ಕನೆಯ ಶನಿವಾರ ಮಧ್ಯಾಹ್ನ ಯಾವುದೋ ಸಹಿಗಾಗಿ ಹುಸೇನ್‌ಸಾಬರನ್ನು ಹುಡುಕುತ್ತ ಕಾಲೇಜಿನ ಮಹಡಿ ಹತ್ತಿದೆ. ಅವರು ನಮ್ಮ ವಿಭಾಗದ ಅಟೆಂಡರ್, ಪ್ರಾಣಿ ಸಂಗ್ರಹಾಲಯದ ಕೀಲಿ ಅವರ ಸೊಂಟದಲ್ಲಿರುತ್ತದೆ. ಮೇಲೆ ಹೋಗಿ ನೋಡಿದರೆ, ಮಹಡಿಯ ನಡುವೆ ಬಿಸಿಲಿನಲ್ಲಿ, ಹಾಸಿದ ಚಾಪೆಯ ಮೇಲೆ ಎರೆಭೂತ ನಿಂತಿತ್ತು.

ನಮ್ಮ ಎರೆಭೂತ. ನೂರು ವರ್ಷಕ್ಕೂ ಹಿಂದೆ ಯಾರೋ ದೇಸಾಯರು ಬಂದೂಕಿನಲ್ಲಿ ಹೊಡೆದು, ಹೊಟ್ಟೆಗೆ ಹತ್ತಿ ತುಂಬಿಸಿ ಕಾಲೇಜಿಗೆ ದಾನ ಕೊಟ್ಟದ್ದು. ಉಳಿದ ಪ್ರಾಣಿಗಳೆಲ್ಲ ಗಾಜಿನ ಪೆಟ್ಟಿಗೆಯೊಳಗಿದ್ದವು. ಇದಕ್ಕೆ ಹೊಂದುವಷ್ಟು ದೊಡ್ಡ ಗಾಜು ಸಿಗದೆ ಮೂಲೆಯಲ್ಲಿ ಹಾಗೇ ನಿಂತಿತ್ತು. ಆ ಸಲದ ಮಳೆಗಾಲದಲ್ಲಿ ಅದಕ್ಕೆ ಹುಳ ಬಿದ್ದಿತ್ತಂತೆ. ಮನೆಯಲ್ಲಿ ಕೌದಿ ಬಿಸಿಲಿಗೆ ಹಾಕುವ ಹಾಗೆ ಹುಸೇನ್‌ಸಾಬರು ದಸರೆ ಮುಗಿದಾಗಿನಿಂದ ಪ್ರತಿ ಶನಿವಾರ ಅದನ್ನು ಹೊತ್ತು ತಂದು ಬಿಸಿಲಿಗಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಗರಿ ಗರಿ ಬಿಡಿಸಿ ಧೂಳು ಕೊಡವುತ್ತಿದ್ದರು. ನಾಲ್ಕು ಮಾರು ಆಚೆ, ನೀರಿನ ಟಾಕಿಯ ಮೇಲೆ, ಉಸಿರುಪೆಟ್ಟಿಗೆ ಗುಯ್ ಎನ್ನುತ್ತಿತ್ತು. ಮೊದಲು ಅದು ತಾಲ್ಲೂಕು ಕಚೇರಿಯ ಮೇಲಿತ್ತು. ಆ ಕಟ್ಟಡದ ದುರಸ್ತಿ ನಡೆದಿದೆ ಎಂದು ಜೂನ್ ತಿಂಗಳಲ್ಲಿ ನಮ್ಮಲ್ಲಿಗೆ ತಂದಿದ್ದರು.

ಪೆಟ್ಟಿಗೆಗೆ ಗರಿಯ ಪುಡಿ ಗೊತ್ತಾಗುತ್ತದೆ. ಆ ಗರಿ ಉಸಿರಾಡುವ ಹಕ್ಕಿಯದೋ ಹತ್ತಿ ತುಂಬಿದ ಹಕ್ಕಿಯದೋ ಅದಕ್ಕೆ ಗೊತ್ತಾಗುವುದಿಲ್ಲ.

ಚಾಪೆಯ ತುದಿಯಲ್ಲಿ ಕೂತುಬಿಟ್ಟೆ. ಹುಸೇನ್‌ಸಾಬರು ಬಿಸಿಲು ಬಡಿಯಿತೇನೋ ಎಂದು ನೀರು ತಂದುಕೊಟ್ಟರು. ಹುಳ ಬಹಳ ಮಟ್ಟಿಗೆ ಹೋಗಿದೆ, ಇವತ್ತಿಗೆ ಸಾಕು ಮಾಡುತ್ತೇನೆ ಎಂದು ಹೇಳಿದರು. ಆಗ ನನ್ನ ಬಾಯಿಂದ ಬಂದ ಮಾತು ನನಗೇ ಬೇರೆ ಯಾರದೋ ಎನಿಸಿತು.

"ಇಷ್ಟ ಲಗೂ ಬಿಡಬ್ಯಾಡ್ರಿ ಸಾಬರ. ಇನ್ನೂ ನಾಕೈದು ಶನಿವಾರ ಬಿಸಲಿಗೆ ಇಡ್ರಿ."

"ಆತ್ರಿ ಮೇಡಮ್ಮಾರ," ಎಂದರು ಅವರು. ಅವರಿಗೆ ಆ ಹಕ್ಕಿಯ ಮೇಲೆ ಪ್ರೀತಿ. ಮೇಡಮ್ಮನಿಗೂ ಇದೆ ಎಂದು ಖುಷಿಪಟ್ಟರು.

ಮನೆಗೆ ಹೋಗಿ ನಮ್ಮ ಮನೆಯವರ ಮುಂದೆ ಎಲ್ಲ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಏನು ಹೇಳಿದರೂ ಮೊದಲು ನಗುವುದು ಅವರ ಸ್ವಭಾವ. ಅವತ್ತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬದುಕಿದವರು ಯಾರೂ ಮಾಡದ್ದನ್ನು ಆ ಹಕ್ಕಿ ಮಾಡಿತಲ್ಲ, ಐದು ಜನರಿಗೆ ನೌಕರಿ ಕೊಡಿಸಿತು ಎಂದರು. ನಾನು ನಗದೆ ರೊಟ್ಟಿ ಬಡಿಯುತ್ತಲೇ ಇದ್ದದ್ದು ನೋಡಿ ನಗು ನಿಲ್ಲಿಸಿದರು. ತಟ್ಟೆ ಸರಿಸಿ ಕೇಳಿದರು.

"ಇದು ಬೀರವ್ವಗ ಗೊತ್ತಾದ್ರ?"

"ಹೆಂಗ ಗೊತ್ತಾಗತೈತಿ? ಯಂತ್ರಕ್ಕಽ ಗೊತ್ತಾಗಿಲ್ಲ."

"ಯಂತ್ರಕ್ಕ ನೀ ಪಾಠಾ ಮಾಡಿಲ್ಲಲ್ಲ," ಎಂದು ಎದ್ದು ಕೈ ತೊಳೆದುಕೊಂಡರು. ಅವತ್ತು ರೊಟ್ಟಿ ಎರಡು ಹೆಚ್ಚಾಗಿ ಉಳಿದವು.

ಮೂರು ವಾರ ಕಳೆದ ಮೇಲೆ ಶ್ರೀವತ್ಸ ನನ್ನನ್ನೂ ಬೀರವ್ವನನ್ನೂ ಜಿಲ್ಲಾ ಕೇಂದ್ರಕ್ಕೆ ಕರೆಸಿಕೊಂಡರು. ತಣ್ಣನೆಯ ದೊಡ್ಡ ಕೋಣೆ, ಗೋಡೆ ತುಂಬ ಪರದೆ. ಜಿಲ್ಲೆಯ ನಕ್ಷೆಯ ಮೇಲೆ ಸಾವಿರಾರು ಹಸಿರು ಚುಕ್ಕೆ, ನಮ್ಮ ಕೊಣ್ಣಾಪುರದ ಮೇಲೆ ಒಂದೇ ಕೆಂಪು ಚುಕ್ಕೆ. ಅವರು ಅದನ್ನು ತೋರಿಸುವಾಗ ಹೊಸದಾಗಿ ತಂದೆಯಾದವರ ಹಾಗೆ ಕಾಣುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಮೇಜಿನ ಮೇಲೆ ಹಲ್ಲಿಯೊಂದು ಬಿತ್ತು. ಅವರು ಹೌಹಾರಿ ಕುರ್ಚಿ ಹಿಂದಕ್ಕೆ ತಳ್ಳಿ, ಇದು ಕಚ್ಚುತ್ತದೆಯೇ ಎಂದು ಕೇಳಿದರು. ಪರದೆಯ ಮೇಲಿನ ಪಟ್ಟಿಯಲ್ಲಿ ಅದರ ಲ್ಯಾಟಿನ್ ಹೆಸರು ಐದನೆಯದಾಗಿ ಇತ್ತು. ಬೀರವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯಾಚೆ ಬಿಟ್ಟು ಬಂದು, ಇದು ಮನೆಹಲ್ಲಿ, ಬಸುರಿ ಎಂದಳು.

ಆಮೇಲೆ ಅವಳು ಪ್ರಶ್ನೆ ಕೇಳಲು ಶುರು ಮಾಡಿದಳು. ಶನಿವಾರ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಹಕ್ಕಿ ಒಂದೋ, ಜೋಡಿಯೋ? ಭಾನುವಾರದಿಂದ ಶುಕ್ರವಾರದವರೆಗೆ ಎಲ್ಲಿರುತ್ತದೆ? ಶ್ರೀವತ್ಸರು ಯಂತ್ರಕ್ಕೆ ಅದೆಲ್ಲ ಗೊತ್ತಾಗದು, ಅದಕ್ಕಾಗಿಯೇ ನಿಮ್ಮನ್ನು ತೆಗೆದುಕೊಳ್ಳುತ್ತಿರುವುದು ಎಂದು ಪ್ರಾಮಾಣಿಕವಾಗಿ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನಗೆ ಹೇಳಿದ್ದು ಇಷ್ಟು. ಮೂರು ವಾರದಿಂದ ಅಪ್ಪ, ಕಾಕಂದಿರ ಜೊತೆ ಕುರಿ ಹಿಂಡಿನ ಹಿಂದೆ ಹದಿನೆಂಟು ಹಳ್ಳಿಯ ಹೊಲ ಸುತ್ತಿದ್ದಾಳೆ. ಮಳೆಯಾದ ಮೇಲೆ ಎರೆಮಣ್ಣು ಹೆಜ್ಜೆ ಗುರುತನ್ನು ವಾರಗಟ್ಟಲೆ ಬಿಡುವುದಿಲ್ಲ. ನರಿಯದು ಸಿಕ್ಕಿದೆ, ಚಿಗರಿಯದು ಸಿಕ್ಕಿದೆ, ಎರೆಭೂತದ್ದು ಒಂದೂ ಇಲ್ಲ. ಒಂದು ಗರಿ ಇಲ್ಲ, ಹಿಕ್ಕೆ ಇಲ್ಲ, ನೋಡಿದೆ ಎನ್ನುವ ಒಬ್ಬ ಕುರುಬನೂ ಇಲ್ಲ. ಬಹಳ ನಾಚಿಕೆಯ ಹಕ್ಕಿ, ಅಷ್ಟು ಸುಲಭಕ್ಕೆ ಕಾಣುವುದಿಲ್ಲ ಎಂದೆ ನಾನು. ಅವಳು ತಲೆಯಾಡಿಸಿದಳು. ಕಿಟಕಿಯ ಆಚೆಯೇ ನೋಡುತ್ತಿದ್ದಳು, ಬಸ್ಸಿನಿಂದಲೂ ಹುಡುಕುತ್ತಿದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಮಗುವಿಗೆ ವಿಷ ಹಾಕಿದ ಹಾಗೆ ಅನಿಸುತ್ತಿತ್ತು, ಆದರೂ ಇನ್ನೆರಡು ವಾರ ತಡೆದುಕೊಂಡರೆ ಅವಳ ಬಾಳು ನೆಟ್ಟಗಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂದರ್ಶನ ಮಂಗಳವಾರ, ನಮ್ಮ ಕಾಲೇಜಿನಲ್ಲೇ ಎಂದು ಗೊತ್ತಾಯಿತು. ವಿಷಯ ತಜ್ಞೆಯಾಗಿ ನಾನೂ ಸಮಿತಿಯಲ್ಲಿದ್ದೆ. ಹಿಂದಿನ ದಿನ ಬೀರವ್ವ ಬಂದು ಪ್ರಯೋಗಾಲಯದ ಕೀಲಿ ಮತ್ತು ದೊಡ್ಡ ಸೂಕ್ಷ್ಮದರ್ಶಕ ಬೇಕು ಎಂದಳು. ಓದಿದ್ದನ್ನು ತಿರುವಿ ಹಾಕುತ್ತಾಳೆ ಎಂದುಕೊಂಡು ಸಂತೋಷದಿಂದ ಕೊಟ್ಟೆ. ಉಪವಾಸ ಕೂರಬೇಡ ಎಂದು ಉಪ್ಪಿಟ್ಟನ್ನೂ ಕಳಿಸಿದೆ.

ಮಂಗಳವಾರ ನಾಲ್ಕನೆಯವಳಾಗಿ ಒಳಗೆ ಬಂದಳು. ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಯಲ್ಲಿ ಪ್ರಮಾಣಪತ್ರದ ಕಡತ, ಅದರ ಮೇಲೆ ಗಾಜಿನ ಪಟ್ಟಿಗಳ ಒಂದು ಡಬ್ಬಿ. ಶ್ರೀವತ್ಸರು ಮೊದಲ ಪ್ರಶ್ನೆಯಾಗಿ, ನಿಮಗೆ ಕೆಲಸ ಸಿಕ್ಕರೆ ಈ ಹಕ್ಕಿಯನ್ನು ಹೇಗೆ ಹುಡುಕುತ್ತೀರಿ ಎಂದು ಕೇಳಿದರು.

"ಹುಡುಕೂದು ಬ್ಯಾಡ್ರಿ ಸರ್," ಎಂದಳು ಬೀರವ್ವ. "ಆ ಹಕ್ಕಿ ಸತ್ತೈತ್ರಿ."

ಆಮೇಲೆ ನಿಧಾನವಾಗಿ, ಪಾಠ ಒಪ್ಪಿಸುವಂತೆ ವಿವರಿಸಿದಳು. ನಮ್ಮ ಪ್ರಯೋಗಾಲಯದ ತಗಡಿನ ಪೆಟ್ಟಿಗೆಯಲ್ಲಿದ್ದ ಅರ್ಧ ಕಾಗದಗಳನ್ನೆಲ್ಲ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದಳು. ಎರೆಭೂತದ ಗರಿಯ ಚೂರು ಇರುವುದು ಶನಿವಾರದ ಕಾಗದಗಳಲ್ಲಿ ಮಾತ್ರ. ಅದರ ಜೊತೆಗೆ ರಾಶಿ ರಾಶಿ ಸಣ್ಣ ರೋಮ, ತುದಿ ಭರ್ಜಿಯ ಹಾಗೆ ಚೂಪು. ಅವು ಒಣಗಿದ ತೊಗಲು, ಗರಿ ತಿನ್ನುವ ಹುಳದ ಮರಿಯವು. ಬದುಕಿರುವ ದೊಡ್ಡ ಹಕ್ಕಿಯ ಮೈಯಲ್ಲಿ ಹೇನು ಇದ್ದೇ ಇರುತ್ತದೆ, ಇಲ್ಲಿ ಹೇನಿನ ಒಂದು ಕಾಲೂ ಇಲ್ಲ. ಬದಲಿಗೆ ಹತ್ತಿಯ ಎಳೆ ಇದೆ. ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಪ್ರತಿಯೊಂದರ ಮೇಲೂ ದಿನಾಂಕ, ವೇಳೆ, ಅವಳ ಹೆಸರು. ಹಾಗೆ ಬರೆಯಲು ಕಲಿಸಿದವಳು ನಾನೇ. ಆ ಹುಳದ ರೋಮ ತೋರಿಸಿದವಳೂ ನಾನೇ.

ಶ್ರೀವತ್ಸರ ಮುಖ ಬಿಳಿಚಿಕೊಂಡಿತು.

"ಹಾಗಾದರೆ ಆ ಹಕ್ಕಿ ಎಲ್ಲಿದೆ?"

ಅವಳು ನನ್ನ ಕಡೆ ನೋಡಿದಳು. ಕೋಪ ಇರಲಿಲ್ಲ ಆ ನೋಟದಲ್ಲಿ. ಹೆತ್ತವರು ಎಲ್ಲರೆದುರು ಎಡವಿದಾಗ ಮಕ್ಕಳು ನೋಡುತ್ತಾರಲ್ಲ, ಹಾಗಿತ್ತು. ಮೂರು ವರ್ಷ ಆ ಸಂಗ್ರಹಾಲಯದಲ್ಲಿ ಕೂತು ಚಿತ್ರ ಬರೆದ ಹುಡುಗಿಗೆ ಹಕ್ಕಿ ಎಲ್ಲಿದೆ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ನನ್ನ ಮಾನ ಉಳಿಸಲು ಬಾಯಿ ಬಿಗಿಹಿಡಿದು ನಿಂತಿದ್ದಳು. ಅವಳಿಗೂ ನನ್ನ ರೋಗ ಅಂಟಬಾರದು ಎಂದು ನನಗೆ ತಟ್ಟನೆ ಅನಿಸಿತು.

"ಕೆಳಗಿನ ಕೋಣೆಯಲ್ಲಿದೆ," ಎಂದೆ. "ಶನಿವಾರ ಶನಿವಾರ ಮಹಡಿಯ ಮೇಲೆ ಬಿಸಿಲಿಗೆ ಇಡುತ್ತಾರೆ. ಮೂವತ್ತೆಂಟು ದಿನದಿಂದ ನನಗೆ ಗೊತ್ತು. ಹುಸೇನ್‌ಸಾಬರದು ಏನೂ ತಪ್ಪಿಲ್ಲ. ಮುಂದುವರಿಸಿ ಎಂದು ಹೇಳಿದವಳು ನಾನು."

ಹೊರಗೆ ಇನ್ನೂ ಹದಿನೇಳು ಜನ ಕಾಯುತ್ತಿದ್ದರು, ಎಲ್ಲರೂ ನನ್ನ ಮಕ್ಕಳೇ. ಶ್ರೀವತ್ಸರು ಸಂದರ್ಶನ ನಿಲ್ಲಿಸಿದರು. ಹೊರಗೆ ಹೋಗಿ ಅವರಿಗೆ ಹೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕೋಳಿ ಆಹಾರದವನು ನನಗೆ ಕುರ್ಚಿ ತಂದು ಹಾಕಿದ. ಬೈದುಬಿಡಬಾರದಿತ್ತೇ ಎಂದುಕೊಂಡೆ.

ಸಂಜೆ ಬೀರವ್ವನನ್ನು ಮನೆಗೆ ಕರೆದುಕೊಂಡು ಬಂದೆ. ನಮ್ಮ ಮನೆಯವರು ಚಹಾ ಮಾಡಿ ಕೊಟ್ಟು, ಏನೂ ಕೇಳದೆ ಒಳಗೆ ಹೋದರು. ಸಂದರ್ಶನಕ್ಕೆ ಹೆಸರು ಬಂದಿತ್ತು, ನೌಕರಿ ಕೈಗೆ ಬರುವುದರಲ್ಲಿತ್ತು, ಸುಮ್ಮನೆ ಇರಬಹುದಿತ್ತಲ್ಲ ತಾಯಿ ಎಂದೆ.

"ನೌಕರಿ ಸಿಕ್ಕಿದ್ರ ದಿನಾ ಮುಂಜಾನೆ ಎದ್ದು ಇಲ್ಲದ ಹಕ್ಕಿ ಹುಡುಕ್ಕೋಂತ ಅಡ್ಡಾಡಬೇಕಾಗತಿತ್ರಿ ಮೇಡಂ," ಎಂದಳು. "ಅದಕ್ಕಿಂತ ಕೋಳಿ ಮಾರೂದು ಚಲೋ. ಕೋಳಿ ಖರೇನ ಇರತಾವ್ರಿ."

ನಾನು ಅವಳ ಕೈ ಹಿಡಿದುಕೊಂಡು ಕ್ಷಮೆ ಕೇಳಿದೆ. ವಿದ್ಯಾರ್ಥಿಯೊಬ್ಬಳ ಹತ್ತಿರ ಕ್ಷಮೆ ಕೇಳಿದ್ದು ಅದೇ ಮೊದಲು. ಸುಳ್ಳು ಹೇಳುವುದಿಲ್ಲ, ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ನನ್ನ ಕಳ್ಳತನವನ್ನು ಹಿಡಿಯಲು ನಾನು ಕಲಿಸಿದ ವಿದ್ಯೆಯೇ ಬೇಕಾಯಿತು, ಮತ್ತು ಅದು ಸಾಕಾಯಿತು.

ಯೋಜನೆ ರದ್ದಾಯಿತು. ನನಗೆ ನೋಟಿಸು ಬಂತು. ಉತ್ತರವಾಗಿ ಎರಡು ವರ್ಷ ಮೊದಲೇ ನಿವೃತ್ತಿ ಬರೆದುಕೊಟ್ಟೆ. ನನ್ನ ಹಿಂದೆಯೇ ವಿಭಾಗವನ್ನೂ ಮುಚ್ಚಿದರು. ಬೀರವ್ವ ಕೋಳಿ ಕಂಪನಿಗೆ ಸೇರಿದಳು.

ಆದರೆ ಶ್ರೀವತ್ಸರಿಗೆ ನಿದ್ದೆ ಹತ್ತಲಿಲ್ಲವಂತೆ. ಗಣಿತದವರಿಗೆ ಒಂದು ಲೆಕ್ಕ ತಪ್ಪಿದರೆ ಉಳಿದ ಲೆಕ್ಕಗಳ ಮೇಲೂ ಅನುಮಾನ ಬರುತ್ತದೆ. ರಾಜ್ಯದ ಪಟ್ಟಿಯನ್ನೆಲ್ಲ ಕೆದಕಲು ಕೂತರು. ಒಂದು ತಾಲ್ಲೂಕಿನ ಹುಲಿ, ಹಳೆಯ ಮಠವೊಂದರಲ್ಲಿ ಹಾಸಿದ ಚರ್ಮ ಎಂದು ತೇಲಿತು. ಇನ್ನೊಂದೂರಿನ ಕಾಡುಕೋಣ ಪ್ರವಾಸಿ ಮಂದಿರದ ಗೋಡೆಯ ಮೇಲಿತ್ತು. ಹೀಗೆ ಎಷ್ಟು ಪ್ರಾಣಿ ಗೋಡೆಯ ಮೇಲಿವೆ, ಎಷ್ಟು ಹೊಲದಲ್ಲಿವೆ ಎಂದು ಹೇಳಲು ಯಂತ್ರಕ್ಕೆ ಬರುವುದಿಲ್ಲ, ಯಾರಾದರೂ ಹೋಗಿ ನೋಡಬೇಕು ಎಂದು ಸರ್ಕಾರಕ್ಕೆ ಬರೆದರು. ಎಂಟು ತಿಂಗಳು ಓಡಾಡಿ ಒಂದೇ ಒಂದು ಹುದ್ದೆ ಮಂಜೂರು ಮಾಡಿಸಿದರು, ಅದೂ ಒಂದು ವರ್ಷದ ಮಟ್ಟಿಗೆ. ಸಂದರ್ಶನವನ್ನೇನೂ ಮಾಡಲಿಲ್ಲ. ಕೋಳಿ ಕಂಪನಿಯ ವಿಳಾಸ ಹುಡುಕಿಕೊಂಡು ತಾವೇ ಹೋಗಿ ಬೀರವ್ವನ ಕೈಗೆ ಆದೇಶ ಕೊಟ್ಟು ಬಂದರು.

ಕಳೆದ ವಾರ ಬೆಳಿಗ್ಗೆ ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಬೀರವ್ವನ ಫೋನ್ ಬಂತು. ಪಿಸುಮಾತು. ಕೊಪ್ಪಳದ ಕಡೆ ಯಾವುದೋ ಕಲ್ಲುಗುಡ್ಡದ ಬುಡದಲ್ಲಿ ಹೊಟ್ಟೆಯ ಮೇಲೆ ಮಲಗಿದ್ದಾಳಂತೆ. ಪಟ್ಟಿಯಲ್ಲಿ ತೋಳ ಎಂದಿತ್ತು, ಪರೀಕ್ಷಿಸಲು ಹೋಗಿದ್ದಳು.

"ಜೀವಂತ ಐತ್ರಿ ಮೇಡಂ. ಹೆಣ್ಣು. ಗವಿ ಮುಂದ ಬಿಸಲಿಗೆ ಮಲಗೇತಿ. ಮರಿ ಅದಾವ್ರಿ."

ನನ್ನ ಎದೆ ತುಂಬಿ ಬಂತು. ಆದರೆ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ಎಷ್ಟು ಮರಿ ಎಂದು ಕೇಳಿದೆ. ಮೂರು ಎಂದಳು. ಇನ್ನೊಮ್ಮೆ ಎಣಿಸು ಎಂದೆ. ಅವಳು ಎಣಿಸತೊಡಗಿದಳು. ನಾನು ಸೊಪ್ಪಿನ ಬುಟ್ಟಿ ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಗಾಳಿಯ ಸದ್ದು, ಅವಳ ಉಸಿರಿನ ಸದ್ದು. ನಮ್ಮ ಮನೆಯವರು ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳುತ್ತ ಬಂದು ಪಕ್ಕದಲ್ಲಿ ಕೂತರು. ಬಹಳ ಹೊತ್ತಾಯಿತು. ಮೂವರೂ ಅಲುಗಾಡದೆ ಕಾದೆವು.

"ನಾಕ್ರಿ ಮೇಡಂ," ಎಂದಳು ಬೀರವ್ವ. "ಈಗ ಹೊರಗ ಬಂತು."